ಕೇಳದೆ ಬಂದ್ ಆದ ಕಂಪ್ಯೂಟರು

ನಮ್ಮ ಅಂಗಡಿಯ ಕಂಪ್ಯೂಟರು ಬೆಳಿಗ್ಗೆ ಏಳುವಾಗ ಯಾವ ತಕರಾರನ್ನೂ ಮಾಡುತ್ತಿರಲಿಲ್ಲ. ಅದರ ಹಟವೆಲ್ಲ ಸಂಜೆ ಮುಚ್ಚುವ ಹೊತ್ತಿಗೆ. ಬಂದ್ ಆಗು ಎಂದು ಗುಂಡಿ ಒತ್ತಿದರೆ ಪರದೆ ನೀಲಿಯಾಗಿ, ನಡುವೆ ಚುಕ್ಕೆಗಳು ಗಾಣದ ಎತ್ತಿನಂತೆ ತಿರುಗಲು ಶುರುಮಾಡುತ್ತಿದ್ದವು. ತಿರುಗುತ್ತಲೇ ಇರುತ್ತಿದ್ದವು. ಅಷ್ಟರಲ್ಲಿ ಕೆಳಗೆ ಸಿಂದಗಿ ಬಸ್ ನಿಲ್ದಾಣದಲ್ಲಿ ನನ್ನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ನನ್ನದು ಫ್ಲೆಕ್ಸ್ ಬ್ಯಾನರ್ ಮಾಡುವ ಅಂಗಡಿ. ಹುಟ್ಟುಹಬ್ಬ, ಮದುವೆ, ಸನ್ಮಾನ, ಸಾವು, ಎಲ್ಲಕ್ಕೂ ನಮ್ಮ ಕಡೆ ಬ್ಯಾನರ್ ಬೇಕು. ಡಿಸೈನ್ ನನ್ನದು, ಪ್ರಿಂಟ್ ಚಾಚಾ ಅವರದು. ಚಾಚಾ ಎಂದರೆ ನನ್ನ ಪಾಲುದಾರರು, ಸಿಂದಗಿಯವರೇ, ನನ್ನ ಅಪ್ಪನ ವಾರಿಗೆಯವರು. ಸಂಜೆ ನಮಾಜಿಗೆ ಅವರು ಮೊದಲೇ ಇಳಿದು ಹೋಗುವುದರಿಂದ ಅಂಗಡಿ ಮುಚ್ಚುವ ಕೆಲಸ ನನ್ನ ಪಾಲಿಗೆ. ಮುಚ್ಚುವುದೆಂದರೆ ಶಟರ್ ಎಳೆದು ಕೀಲಿ ಹಾಕುವುದಷ್ಟೇ ಅಲ್ಲ. ಒಮ್ಮೆ ಕೆಳಗಿನ ಬಟ್ಟೆ ಅಂಗಡಿಯಲ್ಲಿ ವೈರು ಸುಟ್ಟು ಹೊಗೆ ಎದ್ದಾಗಿನಿಂದ ಕಟ್ಟಡದ ಮಾಲಕರದು ಕಟ್ಟಪ್ಪಣೆ: ಮೇನ್ ಸ್ವಿಚ್ ಇಳಿಸದೆ ಯಾರೂ ಶಟರ್ ಎಳೆಯುವಂತಿಲ್ಲ. ಕಂಪ್ಯೂಟರು ಮಲಗುವವರೆಗೆ ಮೇನ್ ಇಳಿಸುವಂತಿಲ್ಲ. ಮೇನ್ ಇಳಿಯುವವರೆಗೆ ನಾನು ಮೆಟ್ಟಿಲು ಇಳಿಯುವಂತಿಲ್ಲ. ಹೀಗೆ ದಿನಾ ಆ ತಿರುಗುವ ಚುಕ್ಕೆಗಳ ಮುಂದೆ, ಬ್ಯಾಗು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಒಂದು ಕೈ ಸ್ವಿಚ್ಚಿನ ಮೇಲಿಟ್ಟು ನಿಂತಿರುತ್ತಿದ್ದೆ. ಇಂಡಿ ರಸ್ತೆಯ ಮೇಲಿರುವ ನನ್ನ ಗಂಡನ ಊರಿಗೆ ಅದೇ ಕೊನೆಯ ಬಸ್ಸು. ತಪ್ಪಿದರೆ ನಿಂಬೆಹಣ್ಣಿನ ಗಾಡಿಯವರಿಗೆ ಕೈಮಾಡಿ ನಿಲ್ಲಿಸಬೇಕು, ಇಲ್ಲವೇ ಗಂಡನಿಗೆ ಫೋನ್ ಮಾಡಿ ಬೈಕ್ ತರಿಸಿ ದಾರಿಯುದ್ದಕ್ಕೂ ಅವರ ಮೌನ ಕೇಳಬೇಕು.

ನನಗೆ ತಾಳ್ಮೆ ಕಡಿಮೆ. ಅವ್ವ ಹೇಳುವಂತೆ, ನಾನು ಹುಟ್ಟುವಾಗಲೂ ಸೂಲಗಿತ್ತಿ ಬರುವವರೆಗೆ ಕಾಯಲಿಲ್ಲ.

ಅಪ್ಪನಿಗೆ ತಾಳ್ಮೆಯೇ ಕಸುಬಾಗಿತ್ತು. ಯಂಕಂಚಿಯ ನಮ್ಮ ಮನೆಯ ಕಟ್ಟೆಗೆ ತಗಡಿನ ಬೋರ್ಡು ಆನಿಸಿಟ್ಟು, ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ ಗೆರೆ ಹೊಡೆದು, ಕುಂಚದ ತುದಿಯಿಂದ ಒಂದೊಂದೇ ಅಕ್ಷರ ಎಬ್ಬಿಸುತ್ತಿದ್ದ. ಬಣ್ಣ ಒಣಗುವವರೆಗೆ ಪಕ್ಕದಲ್ಲೇ ಕುಳಿತು ನೊಣ ಓಡಿಸುತ್ತಿದ್ದ. ಸಿಂದಗಿ, ತಾಳಿಕೋಟೆ, ಬಸವನ ಬಾಗೇವಾಡಿಯ ಎಷ್ಟೋ ಅಂಗಡಿಗಳ ಹಣೆಯ ಮೇಲೆ ಅಪ್ಪನ ಅಕ್ಷರಗಳಿದ್ದವು. ಫ್ಲೆಕ್ಸ್ ಬಂತು, ಅಕ್ಷರಗಳು ಇಳಿದವು. ಅವನ ಮಗಳಾದ ನಾನು ಹೋಗಿ ಅದೇ ಫ್ಲೆಕ್ಸಿನ ಅಂಗಡಿ ಹಾಕಿದೆ. ಅಪ್ಪ ಬೇಡ ಎನ್ನಲಿಲ್ಲ. ಆದರೆ ಸಿಂದಗಿ ಸಂತೆಗೆ ಬಂದಾಗಲೂ ನಮ್ಮ ಅಂಗಡಿಯ ಮೆಟ್ಟಿಲು ಒಮ್ಮೆಯೂ ಹತ್ತಲಿಲ್ಲ. “ಫ್ಲೆಕ್ಸಿನ ಮಾರಿ ನೋಡಂಗಿಲ್ಲ ನಾ,” ಎನ್ನುತ್ತಿದ್ದ. ಎನ್ನುತ್ತಲೇ, ದಾರಿಯಲ್ಲಿ ಕಂಡ ಪ್ರತಿ ಬ್ಯಾನರನ್ನೂ ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದ. “ಒತ್ತು ನೋಡು ಹೆಂಗ ಬಿದ್ದೈತಿ, ಕಾಲ ಮುರದ ಕುರಿ ಹಂಗ,” ಎಂದು ಮೂಗು ಮುರಿಯುತ್ತಿದ್ದ.

ನನಗೆ ನೋವಾಗುತ್ತಿತ್ತು. ಯಾಕೆಂದರೆ ಅಪ್ಪನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ನನ್ನ ಬ್ಯಾನರುಗಳ ದೊಡ್ಡ ಅಕ್ಷರಗಳನ್ನು ನಾನು ಕಂಪ್ಯೂಟರಿನಲ್ಲಿರುವ ಸಿದ್ಧ ಅಕ್ಷರಗಳಿಂದ ಎತ್ತುತ್ತಿರಲಿಲ್ಲ. ಅಪ್ಪ ಬರೆದು ಅಲ್ಲಲ್ಲಿ ಉಳಿದುಕೊಂಡಿದ್ದ ಹಳೆಯ ಬೋರ್ಡುಗಳ ಫೋಟೊ ತೆಗೆದು ತಂದು, ಅದೇ ತಿರುವು, ಅದೇ ದಪ್ಪ, ಅದೇ ಬಾಲ ಬರುವಂತೆ ಮೌಸು ಹಿಡಿದು ಎಳೆಯುತ್ತಿದ್ದೆ. ಹೇಳಲು ಧೈರ್ಯ ಸಾಲಲಿಲ್ಲ. ಒಂದಲ್ಲ ಒಂದು ದಿನ ನೋಡಿ ತಾನೇ ಗುರುತಿಸಲಿ ಎಂಬ ಆಸೆ.

ಹೀಗಿರುವಾಗ ಅಪ್ಪನ ಎದೆ ಕೈಕೊಟ್ಟಿತು. ಬಿಜಾಪುರದ ದವಾಖಾನೆಯಲ್ಲಿ ಎದೆ ತೆರೆದು ಆಪರೇಷನ್ ಮಾಡಿದರು. ಅಂಗಡಿಯಿಂದ ದವಾಖಾನೆ, ದವಾಖಾನೆಯಿಂದ ಮನೆ ಎಂದು ಓಡಾಡುತ್ತ ನನಗಿದ್ದ ಚೂರುಪಾರು ತಾಳ್ಮೆಯೂ ಮುಗಿದುಹೋಯಿತು. ಆ ದಿನಗಳಲ್ಲೇ ಒಂದು ಸಂಜೆ ಚುಕ್ಕೆಗಳು ತಿರುಗುತ್ತಿರುವಂತೆಯೇ ಕಿಟಕಿಯಿಂದ ನನ್ನ ಬಸ್ಸು ಹೊರಟು ಹೋಗುವುದನ್ನು ಕಣ್ಣಾರೆ ಕಂಡೆ. ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ಅದು ತನ್ನ ಪಾಡಿಗೆ ತಿರುಗಿತು.

ಮರುದಿನ, ಆ ಹಳೆಯ ಯಂತ್ರವನ್ನು ನನಗೆ ಮಾರಿದ್ದ ಮುದ್ದೇಬಿಹಾಳದವನಿಗೆ ಫೋನ್ ಮಾಡಿದೆ.

“ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ ಅಕ್ಕಾರ. ಫಾರ್ಮ್ಯಾಟ್ ಹೊಡದ್ರ ಸುದ್ದ ಆಗ್ತೈತಿ,” ಎಂದ.

ನೆಗಡಿಯಾಯಿತೆಂದು ಮೂಗು ಕೊಯ್ಯುವ ಜನ! ಫೋನಿಟ್ಟು, ವಿಡಿಯೊ ಹಚ್ಚಿಕೊಂಡು ನಾನೇ ಕುಳಿತೆ. ಮೊದಲು, ಕರೆಯದೆ ಬಂದು ಒಳಗೆ ಠಿಕಾಣಿ ಹೂಡಿದ್ದ ಸಣ್ಣಪುಟ್ಟ ಸಾಫ್ಟ್‌ವೇರುಗಳನ್ನು ಎಬ್ಬಿಸಿ ಕಳಿಸಿದೆ. ಸ್ವಲ್ಪ ಹಗುರಾಯಿತು, ಆದರೂ ಚುಕ್ಕೆ ತಿರುಗುವುದು ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಈ ಯಂತ್ರ ಸುಮ್ಮನೆ ತಡಮಾಡುತ್ತಿರಲಿಲ್ಲ. ಮಲಗುವ ಮುಂಚೆ ತೆರೆದಿಟ್ಟ ಪ್ರತಿಯೊಂದು ಕೆಲಸವನ್ನೂ ‘ನಿನ್ನದು ಮುಗಿಯಿತೇ, ಏನಾದರೂ ಉಳಿಸುವುದಿದೆಯೇ’ ಎಂದು ಕೇಳುತ್ತಿತ್ತು, ಉತ್ತರ ಬರುವವರೆಗೆ ಕಾಯುತ್ತಿತ್ತು. ಬೀಗರು ‘ಬರ್ತೇವ್ರಿ’ ಎಂದು ಎದ್ದ ಮೇಲೂ ಹೊಸ್ತಿಲಲ್ಲಿ ನಿಂತು ಇನ್ನೊಂದು ಸುತ್ತು ಮಾತಾಡುತ್ತಾರಲ್ಲ, ಅಂಥ ತಡ ಅದು. ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ರಿಜಿಸ್ಟ್ರಿ ಎಂಬ ಅದರ ಒಳಕೋಣೆಯಲ್ಲಿ ಒಂದು ಅಂಕಿ ಇತ್ತು. ಅದನ್ನು ಇಳಿಸಿದೆ. ಉತ್ತರ ಬರದಿದ್ದರೆ ಕೆಲಸವನ್ನು ತಾನೇ ಮುಗಿಸಿಬಿಡಬೇಕೇ ಎಂಬುದಕ್ಕೆ ಇನ್ನೊಂದು ಜಾಗ. ಅಲ್ಲಿದ್ದ ಸೊನ್ನೆಯನ್ನು ಅಳಿಸಿ ಒಂದು ಬರೆದೆ.

ಅಂದು ಸಂಜೆ ಗುಂಡಿ ಒತ್ತಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಮರುದಿನ ಚಾಚಾ ಅವರಿಗೆ ಹೇಳಿಕೊಂಡು ಬೀಗಿದೆ.

“ಆತುರಗಾರಗ ಬುದ್ಧಿ ಮಟ್ಟ ಅಂತಾರವ್ವಾ, ನೋಡಿ ಮಾಡು,” ಎಂದರು ಅವರು.

“ಬಸ್ಸು ತಪ್ಪಿದ ಮ್ಯಾಲ ಬುದ್ಧಿ ತಗೊಂಡು ಏನ್ ಮಾಡ್ಲಿರಿ ಚಾಚಾ?” ಎಂದೆ.

ಅಪ್ಪನನ್ನು ಮನೆಗೆ ಕಳಿಸುವ ದಿನ ಗೊತ್ತಾಯಿತು. ಡಾಕ್ಟರು ಅವ್ವನನ್ನೂ ನನ್ನನ್ನೂ ಹೊರಗೆ ಕರೆದು ನಿಲ್ಲಿಸಿ ಹೇಳಿದ್ದರು: “ಹೊಲಿಗಿ ಇನ್ನಾ ಹಸಿ ಐತ್ರಿ. ಸಿಟ್ಟು, ಗಾಬ್ರಿ ಏನೂ ಆಗಬಾರದು. ಕೆಟ್ಟ ಸುದ್ದಿ ಅಂತೂ ಕಿವಿಗೇ ಬೀಳಬಾರದು.” ಅವ್ವ ಆ ಮಾತನ್ನು ತಾಯಿತದಂತೆ ಕಟ್ಟಿಕೊಂಡಳು. ನೆಂಟರಲ್ಲಿ ಯಾರೋ ತೀರಿದ ಸುದ್ದಿಯನ್ನು ಕೂಡ ಅಪ್ಪನಿಗೆ ಹೇಳದಂತೆ ಎಲ್ಲರ ಬಾಯಿ ಮುಚ್ಚಿಸಿದಳು.

ನನ್ನ ಕಾಕಾನ ಮಗನಿಗೆ ಹುರುಪು. ಅವನೇ ಕಾರು ಓಡಿಸಿಕೊಂಡು ಹೋಗಿ ದೊಡ್ಡಪ್ಪನನ್ನು ಕರೆತರುವವನು. ಊರ ಅಗಸಿ ಬಾಗಿಲಿಗೆ ಸ್ವಾಗತದ ಬ್ಯಾನರ್ ಕಟ್ಟಿಸಬೇಕು, ಮೇಲೆ ದೊಡ್ಡಪ್ಪನ ಫೋಟೊ, ಕೆಳಗೆ ತನ್ನ ಗೆಳೆಯರ ಬಳಗದ್ದು, ಎಂದು ಫೋನಿನಲ್ಲಿ ಹುಕುಂ ಮಾಡಿದ. ಫ್ಲೆಕ್ಸ್ ಎಂದರೆ ಅಪ್ಪ ಸಿಡುಕುತ್ತಾನೆ ಎಂದು ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅಗಸಿಯಲ್ಲಿ ಕಟ್ಟಿದರೆ ನೋಡಲೇಬೇಕಲ್ಲ!

ಇಲ್ಲಿ ನಮ್ಮ ಕಸುಬಿನ ಒಂದು ರೀತಿ ಹೇಳಬೇಕು. ಹೊಸ ಫೈಲು ಎಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಹಿಂದಿನ ಗಿರಾಕಿಯ ಬ್ಯಾನರ್ ತೆರೆದು ಫೋಟೊ, ಹೆಸರು, ತಲೆಬರಹ ಬದಲಿಸಿದರೆ ಮುಂದಿನ ಗಿರಾಕಿಯದು ತಯಾರು. ಗೊಳಸಂಗಿಯ ಉಳ್ಳಾಗಡ್ಡಿ ವ್ಯಾಪಾರಿಯ ಹುಟ್ಟುಹಬ್ಬದ ಆಕಾಶವೇ ಮರುದಿನ ಇನ್ನೊಬ್ಬರ ಗೃಹಪ್ರವೇಶಕ್ಕೆ. ಅಳತೆ ಸರಿಹೊಂದಿದರೆ ಆಯಿತು. ಅಪ್ಪನ ಬ್ಯಾನರಿನ ಅಳತೆಗೆ ಸರಿಹೊಂದಿದ್ದು ತಾಳಿಕೋಟೆಯ ಹಿರಿಯರೊಬ್ಬರು ತೀರಿಕೊಂಡಾಗ ಮಾಡಿದ್ದ ಬ್ಯಾನರ್. ಅದನ್ನೇ ತೆರೆದೆ. ಅವರ ಫೋಟೊ ತೆಗೆದು ಅಪ್ಪನದು ಕೂಡಿಸಿದೆ, ಅವರ ಹೆಸರು ತೆಗೆದು ಅಪ್ಪನದು ಬರೆದೆ, ಕೆಳಗೆ ಗೆಳೆಯರ ಬಳಗದ ಪುಟ್ಟ ಪುಟ್ಟ ಮುಖಗಳನ್ನು ಸಾಲಾಗಿ ಜೋಡಿಸಿದೆ, ಚಾಚಾ ಅವರು ಪ್ರಿಂಟಿಗೆ ತೆಗೆದುಕೊಳ್ಳುವ ಜಾಗದಲ್ಲಿ ಒಮ್ಮೆ ಸೇವ್ ಮಾಡಿ ಉಳಿಸಿದೆ. ಆಮೇಲೆ ಮಧ್ಯಾಹ್ನವೆಲ್ಲ ಕುಳಿತು ತಲೆಬರಹ ಎಳೆದೆ: ‘ಮರಳಿ ಮನೆಗೆ ಸುಸ್ವಾಗತ’. ಫೋಟೊದ ಸುತ್ತ ಇದ್ದ ಹಾರ ತೆಗೆದೆ. ಕೆಳಗಿನ ನಂದಾದೀಪ ತೆಗೆದೆ. ನಡುನಡುವೆ ಉಳಿಸಬೇಕಿತ್ತು. ಆದರೆ ಇಷ್ಟು ದೊಡ್ಡ ಫೈಲು ಉಳಿಸಲು ಹೋದರೆ ನಮ್ಮ ಯಂತ್ರ ಅರ್ಧ ಚಹಾ ಕುಡಿಯುವಷ್ಟು ಹೊತ್ತು ಮೂಕಾಗುತ್ತಿತ್ತು. ಹೇಗೂ ಮುಚ್ಚುವಾಗ ‘ಉಳಿಸಲೇ’ ಎಂದು ಕೇಳುತ್ತದೆ, ಆಗ ‘ಹೌದು’ ಎಂದರಾಯಿತು, ಎಂಬುದು ನಾನು ಎಂದಿನಿಂದಲೂ ಬೆಳೆಸಿಕೊಂಡ ರೂಢಿ.

ಚಾಚಾ ಇಳಿಯುವಾಗ ಹೇಳಿದೆ, “ಅಪ್ಪನ ಬ್ಯಾನರ್ ತಯಾರೈತ್ರಿ. ಮುಂಜಾನೆ ಎದ್ದ ಕೂಡಲೆ ಹೊಡದು ಯಂಕಂಚಿ ಬಸ್ಸಿಗೆ ಹಾಕಿಬಿಡ್ರಿ.”

ಬಸ್ಸು ಹಾರ್ನ್ ಹೊಡೆಯಿತು. ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು. ಶಹಬ್ಬಾಸ್ ಎಂದು ಅದರ ತಲೆ ತಟ್ಟಿ ಮೇನ್ ಇಳಿಸಿದೆ.

ಮರುದಿನ ನಾನು ಅಂಗಡಿಗೆ ಬಂದಾಗ ಚಾಚಾ ಮೆಷಿನ್ ಒರೆಸುತ್ತಿದ್ದರು. ಬ್ಯಾನರ್ ಹೊಡೆದು, ಸುತ್ತಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಬಂದಾಗಿತ್ತು. ನಮ್ಮ ಕಡೆ ಹಳ್ಳಿಗೆ ಏನೇ ಹೋದರೂ ಹಾಗೆಯೇ: ಕಂಡಕ್ಟರ್ ಕೈಗೆ ಕೊಟ್ಟರೆ ಊರ ಅಗಸಿಯಲ್ಲಿ ಇಳಿಸುತ್ತಾನೆ. ನಾನು ಕಂಪ್ಯೂಟರ್ ಮುಂದೆ ಕುಳಿತು, ಅಪ್ಪನ ಬ್ಯಾನರನ್ನು ಇನ್ನೊಮ್ಮೆ ಕಣ್ತುಂಬ ನೋಡೋಣವೆಂದು ತೆರೆದೆ.

ಅಪ್ಪ ನಗುತ್ತಿದ್ದ. ಸುತ್ತ ಚೆಂಡುಹೂವಿನ ಹಾರ. ಕೆಳಗೆ ಉರಿಯುವ ನಂದಾದೀಪ. ಮೇಲೆ, ಅಪ್ಪನದೇ ಕೈಬರಹದ ದೊಡ್ಡ ಅಕ್ಷರಗಳಲ್ಲಿ, ‘ಭಾವಪೂರ್ಣ ಶ್ರದ್ಧಾಂಜಲಿ’.

ಆ ಕ್ಷಣಕ್ಕೆ ಅರ್ಥವಾಯಿತು. ನಿನ್ನೆ ಸಂಜೆ ಕಂಪ್ಯೂಟರು ‘ಉಳಿಸಲೇ’ ಎಂದು ಕೇಳಲಿಲ್ಲ. ಕೇಳಬೇಡ ಎಂದು ನಾನೇ ಬರೆದಿಟ್ಟಿದ್ದೆ. ಸೇವ್ ಮಾಡಿದ ನಂತರದ ಕೆಲಸವನ್ನೆಲ್ಲ ಎಸೆದು ಅದು ಮಲಗಿಬಿಟ್ಟಿತ್ತು.

“ಚಾಚಾ, ನೀವು ನೋಡಲಿಲ್ಲೇನ್ರಿ?” ಎಂದು ಕಿರುಚಿದೆ.

ಚಾಚಾ ಪರದೆಯ ಹತ್ತಿರ ಬಂದು ಕನ್ನಡಕ ಏರಿಸಿ ಓದಿದರು. “ಯಾ ಅಲ್ಲಾ! ಹಾರ ಕಂಡೆನವ್ವಾ. ಸನ್ಮಾನಕ್ಕೂ ಹಾರ ಹಾಕ್ತಾರಲ್ಲ ಅನಕೊಂಡೆ. ನಾ ಬಣ್ಣ ಸರಿ ಬಿತ್ತೇನ್ ಅಂತ ಅಷ್ಟ ನೋಡವಾ, ಯಾವತ್ತರ ಓದೇನೇನು?”

ಕಾಕಾನ ಮಗನಿಗೆ ಫೋನ್ ಹಚ್ಚಿದೆ. ಎತ್ತಿದ. ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿದ್ದಾನೆ ಎಂದು ತಕ್ಷಣ ತಿಳಿಯಿತು, ಗಾಳಿಯ ಸದ್ದಿನ ನಡುವೆ ಅವ್ವನ ಬಳೆ ಕೇಳಿಸುತ್ತಿತ್ತು.

“ತಮ್ಮಾ, ಎಲ್ಲಿ ಅದೀರಿ?”

“ಅರ್ಧ ದಾರಿ ಮ್ಯಾಲ ಬಂದೇವಿ ಅಕ್ಕಾ. ಸಿಂದಗಿಗೆ ಬರಂಗಿಲ್ಲ, ರೋಡಿನ್ಯಾಗ ಗುಂಡಿ ಭಾಳ ಅದಾವು. ಒಳದಾರಿ ಹಿಡದು ಸೀದಾ ಊರಿಗೇ ಹೋಗ್ತೇವಿ.”

“ಯಾರು, ಮಗಳೇನು?” ಅಪ್ಪನ ದನಿ. ಸಣ್ಣಗಾಗಿತ್ತು, ಆದರೆ ಅವನದೇ.

ಬಾಯಿಗೆ ಬಂದ ಮಾತನ್ನು ನುಂಗಿದೆ. ಏನು ಹೇಳಲಿ? ಹೇಳಿದರೆ ಆ ಕಾರಿನಲ್ಲಿರುವ ಎಲ್ಲರ ಕಿವಿಗೂ ಬೀಳುತ್ತದೆ. “ಹೌದಪ್ಪಾ. ಇಲ್ಲೇ ಅಂಗಡಿಗೆ ಬಂದು ಚಾ ಕುಡದು ಹೋಗ್ರಲ್ಲ,” ಎಂದೆ.

“ಆ ಫ್ಲೆಕ್ಸಿನ ಅಂಗಡಿಗೆ ನಾ ಯಾಕ ಬರ್ಲಿ? ಮೆಟ್ಟಲಾ ಬ್ಯಾರೆ ಅದಾವ. ಮನಿಗೆ ಹೋಗ್ತೇನಿ.”

“ಹಂಗಾರ ಸಾವಕಾಶ ಬರ್ರಿ. ಭಾಳ ಸಾವಕಾಶ ಬರ್ರಿ,” ಎಂದೆ. ಹುಟ್ಟಿದಾಗಿನಿಂದ ಯಾರಿಗೂ ಸಾವಕಾಶ ಎಂದು ಹೇಳಿದವಳಲ್ಲ ನಾನು. ಫೋನಿಟ್ಟು ಅವನಿಗೆ ಮೆಸೇಜ್ ಹಾಕಿದೆ. ಓಡಿಸುವವನು ಎಲ್ಲಿ ನೋಡುತ್ತಾನೆ? ಗೆಳೆಯರ ಬಳಗದ ಯಾರ ನಂಬರೂ ನನ್ನ ಹತ್ತಿರ ಇರಲಿಲ್ಲ, ಅವರ ಮುಖಗಳಷ್ಟೇ ಇದ್ದವು.

ಚಾಚಾ ಆಗಲೇ ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದಿದ್ದರು. ನಾನು ಹಿಂದೆ ಕುಳಿತೆ. ಕತ್ತರಿಯೊಂದನ್ನು ಬ್ಯಾಗಿಗೆ ಹಾಕಿಕೊಳ್ಳಲು ಹೇಗೆ ನೆನಪಾಯಿತೋ ತಿಳಿಯದು.

ಆ ದಾರಿಯನ್ನು ನಾನು ಮರೆಯುವುದಿಲ್ಲ. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು, ಅದರ ಅಂದ ನೋಡುವ ಮನಸ್ಸು ಯಾರಿಗಿತ್ತು? ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ತುಂಬ ಹರಡಿಕೊಂಡು ಮುಂದೆ ಹೋಗುತ್ತಿತ್ತು. ಚಾಚಾ ಹಾರ್ನ್ ಒತ್ತಿದರು, ಟ್ರ್ಯಾಕ್ಟರಿನವನು ಹಾಡು ಹಚ್ಚಿಕೊಂಡಿದ್ದ, ಕೇಳಿಸಿಕೊಳ್ಳಲಿಲ್ಲ. ನಾನು ಎದ್ದು ನಿಂತವಳಂತೆ ಮುಂದಕ್ಕೆ ಬಾಗಿ “ದಾಟ್ರಿ ಚಾಚಾ, ದಾಟ್ರಿ” ಎಂದರೆ ಅವರು “ಕೂಡವ್ವಾ, ನಿಮ್ಮಪ್ಪನಕಿಂತ ಮದ್ಲು ನಾವ ಮ್ಯಾಲ ಹೋಗೂದು ಬ್ಯಾಡ” ಎಂದರು. ನನಗೆ ಹೆದರಿಕೆಯಾಗಿತ್ತು. ಊರಿನವರೆಲ್ಲ ನಗುತ್ತಾರೆ ಎಂದಲ್ಲ, ನಗಲಿ. ನನ್ನ ಕಣ್ಣ ಮುಂದೆ ಬರುತ್ತಿದ್ದುದು ಒಂದೇ: ಕಾರಿನ ಕಿಟಕಿಯಿಂದ ಅಪ್ಪ ತಲೆ ಎತ್ತಿ ನೋಡುತ್ತಾನೆ. ಊರಲ್ಲಿ ಯಾರು ಓದದಿದ್ದರೂ ಅವನು ಓದುತ್ತಾನೆ. ಮೇಲಿನಿಂದ ಕೆಳಗಿನವರೆಗೆ, ಒಂದೂ ಅಕ್ಷರ ಬಿಡದೆ. ಆ ಹಸಿ ಹೊಲಿಗೆಯ ಎದೆ ಅದನ್ನು ಹೇಗೆ ತಡೆದೀತು? ಅದೂ ತನ್ನದೇ ಅಕ್ಷರದಲ್ಲಿ, ಮಗಳ ಕೈಯಿಂದ.

ಅಗಸಿ ಕಂಡಿತು. ಬ್ಯಾನರ್ ಕಟ್ಟಿಯಾಗಿತ್ತು.

ಕೆಳಗೆ ಗೆಳೆಯರ ಬಳಗ ಅಂಗಿಗಳಿಗೆ ಇಸ್ತ್ರಿ ಹಾಕಿಕೊಂಡು ನಿಂತಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಫೋಟೊದ ಕೆಳಗೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದರು. ಬ್ಯಾನರ್ ಬಂದಾಗ ಬಿಚ್ಚಿದ್ದರು, ತಮ್ಮ ಮುಖ ಬಂದಿದೆಯೇ ನೋಡಿದ್ದರು, ಕಟ್ಟಿದ್ದರು. ಮೇಲೆ ಬರೆದದ್ದನ್ನು ಓದಲು ಒಬ್ಬನೂ ತಲೆ ಎತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತ ಹಿರಿಯರೂ ಹೂಂ ಹೂಂ ಎಂದು ಮೆಚ್ಚಿಕೊಂಡು ಎಲೆಯಡಿಕೆ ಹಾಕುತ್ತಿದ್ದರು.

“ಇಳಸ್ರಿ ಅದನ್ನ! ಮದ್ಲ ಇಳಸ್ರಿ!” ಎಂದು ಸ್ಕೂಟರಿನಿಂದ ಹಾರಿದೆ.

“ಯಾಕಕ್ಕಾ, ನನ್ನ ಫೋಟೋ ಸಣ್ಣದಾದ್ರೂ ನಾನ ಸುಮ್ನಿದ್ದೇನಿ,” ಎಂದ ಒಬ್ಬ. “ಎಷ್ಟ ತ್ರಾಸ ತಗೊಂಡು ಕಟ್ಟೇವಿ ಗೊತ್ತೈತೇನು?”

“ಮ್ಯಾಲ ಓದು!”

ಓದಿದ. ತುಟಿಗಳು ಅಲುಗಾಡಿ ನಿಂತವು. ಕೈಯಲ್ಲಿದ್ದ ಮೊಬೈಲ್ ಜೇಬಿಗೆ ಹೋಯಿತು. ಇನ್ನೊಬ್ಬ ಓದಿದ. ಕಟ್ಟೆಯಿಂದ ಯಾರೋ “ಅಯ್ಯ ಶಿವನ!” ಎಂದರು. ಒಬ್ಬ ನಿಚ್ಚಣಿಕೆ ತರಲು ಓಡಿದ, ಇನ್ನೊಬ್ಬ ಗೆಳೆಯನನ್ನು ಹೆಗಲ ಮೇಲೆ ಹತ್ತಿಸಿಕೊಂಡ. ಗಾಳಿಗೆ ಹಾರಬಾರದೆಂದು ಹಗ್ಗವನ್ನು ಎತ್ತು ಕಟ್ಟುವ ಗಂಟು ಹಾಕಿ ಬಿಗಿದಿದ್ದರು. ಮೇಲಿದ್ದವನ ಕೈಗೆ ಕೊಟ್ಟ ನನ್ನ ಕತ್ತರಿ ಕಾಗದ ಕತ್ತರಿಸುವ ಕತ್ತರಿ, ಹಗ್ಗದ ಮೇಲೆ ಜಾರುತ್ತಿತ್ತು. ಅಷ್ಟರಲ್ಲಿ ತಿರುವಿನಲ್ಲಿ ಧೂಳು ಎದ್ದಿತು. ಕಾರು.

ಒಂದು ಮೂಲೆ ಹರಿದು ಬಂತು. ಬ್ಯಾನರ್ ಅರ್ಧ ಮಡಚಿಕೊಂಡು ಜೋತುಬಿತ್ತು. ನಾನು ಅದರ ಅಂಚು ಹಿಡಿದು ಇದ್ದಬಿದ್ದ ಶಕ್ತಿಯೆಲ್ಲ ಹಾಕಿ ಎಳೆದೆ. ಇನ್ನೊಂದು ಮೂಲೆಯೂ ಕಿತ್ತುಕೊಂಡು ನನ್ನ ಮೈಮೇಲೇ ಬಿದ್ದಿತು. ಅಕ್ಷರ ಒಳಗಾಗುವಂತೆ ಸುತ್ತಿ ಎದೆಗೆ ಅವಚಿಕೊಂಡು ನಿಂತಾಗ ಕಾರು ಪಕ್ಕದಲ್ಲಿ ನಿಂತಿತ್ತು.

ಅಪ್ಪ ಇಳಿದ. ಅವ್ವ ತೋಳು ಹಿಡಿದಿದ್ದಳು. ಎಷ್ಟು ಬಡವಾಗಿದ್ದ! ಅಂಗಿಯೊಳಗೆ ಅಪ್ಪ ಇದ್ದಾನೋ ಇಲ್ಲವೋ ಎಂಬಂತೆ. ಯಾರೂ ಮಾತಾಡಲಿಲ್ಲ. ತಪ್ಪು ಅಲ್ಲೇ ಆಯಿತು. ಸ್ವಾಗತಕ್ಕೆ ಬಂದ ಇಷ್ಟು ಜನ, ಇಷ್ಟು ಮೌನ.

“ಏನದು ಕೈಯಾಗ?” ಎಂದ.

“ಏನಿಲ್ಲಪ್ಪಾ. ಬ್ಯಾನರು. ಹರದೈತಿ.”

“ತೆರಿ, ನೋಡ್ತೇನಿ.”

“ಬ್ಯಾಡಪ್ಪಾ, ಮನಿಗೆ ನಡಿ.”

ಅಪ್ಪ ನನ್ನ ಮುಖ ನೋಡಿದ, ಬಳಗದವರ ಮುಖ ನೋಡಿದ, ಅವ್ವನ ಕಡೆ ತಿರುಗಿದ. ಹಣೆಯ ಮೇಲೆ ಬೆವರು ಒಡೆಯಿತು. ಉಸಿರು ಜೋರಾಯಿತು. “ಡಾಕ್ಟರ್ ಏನರ ಹೇಳ್ಯಾರೇನ ನಿಮಗ? ನನಗ ಹೇಳದ ಮುಚ್ಚಿಟ್ಟೀರೇನು? ಎಲ್ಲಾರೂ ಯಾಕ ಹಿಂಗ ನಿಂತೀರಿ?”

ಅವ್ವ ಬಿಕ್ಕಲು ಶುರುಮಾಡಿದಳು, ಏನಾಯಿತೆಂದು ಅವಳಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದು ಊಹಿಸುತ್ತಾನೆ ಎಂದು ನನಗೆ ತಿಳಿಯಿತು. ಬೇರೆ ದಾರಿ ಇರಲಿಲ್ಲ. ಮಣ್ಣಿನ ಮೇಲೆ ಮೊಣಕಾಲೂರಿ ಬ್ಯಾನರ್ ಬಿಚ್ಚಿದೆ. “ನನ್ನಿಂದ ತಪ್ಪಾಗೇತಪ್ಪಾ,” ಎಂದೆ.

ಅಪ್ಪ ಓದಿದ. ಮೇಲಿನಿಂದ. ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಸರಿಯುವುದು ನನಗೆ ಕಾಣುತ್ತಿತ್ತು. ಹಾರ ನೋಡಿದ, ತನ್ನ ನಗುವ ಮುಖ ನೋಡಿದ, ದೀಪ ನೋಡಿದ. ಚಾಚಾ ಅವನ ಬೆನ್ನ ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದರು, ಬಿದ್ದರೆ ಹಿಡಿಯಲು. ಅಪ್ಪ ಬೀಳಲಿಲ್ಲ. ಅವನ ಕಣ್ಣು ಮತ್ತೆ ಮೇಲಕ್ಕೆ ಹೋಗಿ ತಲೆಬರಹದ ಮೇಲೆ ನಿಂತಿತು. ಅವ್ವನ ತೋಳು ಹಿಡಿದು ಸಾವಕಾಶ ಬಾಗಿ, ‘ಶ್ರ’ದ ಬಾಲವನ್ನು ಬೆರಳಿನಿಂದ ತೋರಿಸಿದ.

“ಇದನ್ನ ಯಾರು ಎಳದಾರ?”

“ನಾನ.”

“ಇದು ನಂದು. ತಾಳಿಕೋಟಿ ಬಟ್ಟಿ ಅಂಗಡ್ಯಾಗ ಬರದಿದ್ದೆ.”

“ಹೌದಪ್ಪಾ. ಎಲ್ಲಾ ನಿಂದ. ಎಲ್ಲಾ ಬ್ಯಾನರಿನ್ಯಾಗೂ.”

ಅಪ್ಪ, ಬೋರ್ಡು ಒಪ್ಪಿಸುವ ಮುಂಚೆ ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದನಲ್ಲ, ಹಾಗೆ ಹಿಂದೆ ಸರಿದ.

“ಅಕ್ಷರ ಚಲೋ ಬಂದಾವು,” ಎಂದ. “ಸುದ್ದಿ ಅಷ್ಟ ತಪ್ಪೈತಿ.”

ಮೊದಲು ಚಾಚಾ ನಕ್ಕರು. ಆಮೇಲೆ ಕಟ್ಟೆ ನಕ್ಕಿತು, ಬಳಗ ನಕ್ಕಿತು. ನಗಬೇಡಿರೆಂದು ಅಪ್ಪನೇ ಎದೆ ಹಿಡಿದುಕೊಂಡು ಕೈಮಾಡಿದ, ತನಗೂ ನಗು ಬಂದು ಹೊಲಿಗೆ ನೋಯುತ್ತಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತೆ.

ಸತ್ತ ಸುದ್ದಿ ಹಬ್ಬಿದರೆ ಆಯುಷ್ಯ ಗಟ್ಟಿಯಾಗುತ್ತದೆ ಎಂದು ಓಣಿಯವರೆಲ್ಲ ಅವ್ವನಿಗೆ ಧೈರ್ಯ ಹೇಳಿದರು. ಅವ್ವ ಹೌದೌದು ಎಂದಳು, ಆದರೂ ಬ್ಯಾನರನ್ನು ಹೊಸ್ತಿಲು ದಾಟಿಸಲಿಲ್ಲ. ಅಪ್ಪನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನನ್ನ ಕಡೆ ಸಂಜೆಯವರೆಗೆ ತಿರುಗಿ ನೋಡಲಿಲ್ಲ.

ಬಿಸಿಲು ಇಳಿದ ಮೇಲೆ ಅಪ್ಪ ಹೊರಸಿನ ಮೇಲೆ ಒರಗಿಕೊಂಡು ನನ್ನನ್ನು ಕರೆದ. ಹೇಗಾಯಿತು ಹೇಳು ಎಂದ. ತಿರುಗುವ ಚುಕ್ಕೆ, ತಪ್ಪುವ ಬಸ್ಸು, ಸೊನ್ನೆ ಅಳಿಸಿ ಒಂದು ಬರೆದದ್ದು, ಎಲ್ಲವನ್ನೂ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದ.

“ಅಂದ್ರ, ಬಂದ್ ಆಗೂ ಮದ್ಲ ಮಶೀನು ಕೇಳತಿತ್ತು. ನೀ ಕೇಳಬ್ಯಾಡ ಅಂದಿ.”

“ಹೌದಪ್ಪಾ. ತಡಾ ಆಗತಿತ್ತು.”

ಅಪ್ಪ ಎದೆಯ ಮೇಲೆ ಅಂಗೈ ಇಟ್ಟುಕೊಂಡ. “ಆಪರೇಷನ್ನಿನಾಗ ನನ್ನ ಎದಿನೂ ಬಂದ್ ಮಾಡಿದ್ರು, ಗೊತ್ತೇನು? ಬಂದ್ ಮಾಡಿ, ಕೆಲಸ ಮುಗಿಸಿ, ಮತ್ತ ಚಾಲೂ ಮಾಡಿದ್ರು. ಡಾಕ್ಟರಿಗೆ ಅವತ್ತ ಎಷ್ಟ ಗಡಿಬಿಡಿ ಇತ್ತೋ. ಆದ್ರೂ ಒಳಗ ಒಯ್ಯೂ ಮದ್ಲ ಬಂದು ಬಾಜೂಕ ಕುಂತ್ರು. ಹಿರಿಯಾರ, ಏನರ ಉಳದೈತೇನ್ರಿ, ಯಾರನ್ನರ ನೋಡೂದು, ಏನರ ಹೇಳೂದು ಅಂತ ಕೇಳಿದ್ರು.”

“ನೀ ಏನಂದಿ?”

“ಮಗಳ ಅಂಗಡಿ ನೋಡೂದು ಉಳದೈತಿ ಅಂದೆ.”

ಮರುದಿನ ಬಸ್ಸಿಳಿದು ಅಂಗಡಿಗೆ ಹೋದವಳೇ ಆ ಒಂದನ್ನು ಅಳಿಸಿ ಸೊನ್ನೆ ಬರೆದೆ.